ಗ್ರಾಮ ಸಭೆಯಲ್ಲಿ ಮನೆ ಯಾರಿಗೆ ಮೊದಲು? ಮೆಂಬರಿಗೆ ಎರಡೆರಡು ಎಂದು ಹಂಚುವುದು ಸರಿಯಾ?

ಗಜನಿಗದ್ದೆ:
ನಾನು ಉತ್ತರ ಕನ್ನಡದ ಕುಮಟಾ ತಾಲ್ಲೂಕಿನವಳು. ಪಂಚಾಯಿತಿ ಹೆಸರು ಬರೆಯುವುದಿಲ್ಲ, ಊರಲ್ಲಿ ಸುಮ್ನೆ ಜಗಳ ಬೇಡ. ಈ ಸಲ ನಮಗೆ ಬಸವ ವಸತಿ ಯೋಜನೆಯಲ್ಲಿ ಹದಿನೆಂಟು ಮನೆ ಬಂದಿದೆ. ಅರ್ಜಿ ಅದರ ನಾಲ್ಕೈದು ಪಟ್ಟು. ಹೋದ ವಾರ ಗ್ರಾಮ ಸಭೆ ಆಯಿತು. ಒಂಬತ್ತು ಮೆಂಬರು, ಒಬ್ಬೊಬ್ಬರಿಗೆ ಎರಡು ಮನೆ. ಪಟ್ಟಿ ಮೊದಲೇ ಟೈಪ್ ಆಗಿ ಬಂದಿತ್ತು. ಗಡಗಡ ಓದಿದರು, "ಎಲ್ಲರ ಒಪ್ಪಿಗೆ ಉಂಟಲ್ಲ" ಅಂದರು, ಠರಾವು ಬರೆದರು. ಹತ್ತು ನಿಮಿಷವೂ ಹಿಡಿಯಲಿಲ್ಲ. ಉಳಿದ ಹೊತ್ತೆಲ್ಲ ಬೀದಿ ದೀಪ, ನೀರಿನ ಪೈಪು.

ನಮ್ಮ ಕೇರಿಯಲ್ಲಿ ಮೀನು ಮಾರುವ ಅಕ್ಕ ಒಬ್ಬರಿದ್ದಾರೆ. ಗಂಡ ಇಲ್ಲ, ಇಬ್ಬರು ಹೆಣ್ಣುಮಕ್ಕಳು. ಪಡುವಣ ಗೋಡೆ ಹೋದ ಮಳೆಗಾಲದಲ್ಲಿ ಕುಸಿಯಿತು. ಅಲ್ಲಿ ಮಡಲಿನ ತಟ್ಟಿ ಕಟ್ಟಿ, ಮೇಲೆ ನೀಲಿ ಟಾರ್ಪಾಲು ಎಳೆದಿದ್ದಾರೆ. ನೆಲದಲ್ಲಿ ನೀರು ಒಸರುತ್ತದೆ ಅಂತ ಅಕ್ಕಿ ಡಬ್ಬಿ, ಮಕ್ಕಳ ಪುಸ್ತಕ ಎಲ್ಲ ಮಂಚದ ಮೇಲೆ. ಮಕ್ಕಳು ಅದೇ ಮಂಚದ ಇನ್ನೊಂದು ತುದಿಯಲ್ಲಿ ಮಲಗುತ್ತಾರೆ. ಅವರ ಹೆಸರು ಪಟ್ಟಿಯಲ್ಲಿ ಇಲ್ಲ. ಅದೇ ವಾರ್ಡಿನಲ್ಲಿ ಚಿರೆಕಲ್ಲಿನ ಗೋಡೆ, ಹಂಚಿನ ಮಾಡು ಇರುವವರ ಹೆಸರು ಇದೆ. ಕೇಳಿದರೆ "ಮುಂದಿನ ಸಲ ನೋಡುವ" ಅಂತಾರೆ.

ನನ್ನ ಪ್ರಶ್ನೆ ಇಷ್ಟೇ. ಯಾರಿಗೆ ಮೊದಲು ಅಂತ ತೀರ್ಮಾನ ಮಾಡುವವರು ನಿಜವಾಗಿ ಯಾರು? ಯಾವ ಲೆಕ್ಕದ ಮೇಲೆ? ನಿಮ್ಮೂರಲ್ಲಿ ಹೇಗೆ?

ಕಡಲಕೇರಿ:
ನಮ್ಮಲ್ಲೂ ಇದೇ ಕತೆ. ಹೊನ್ನಾವರ.

ಲೆಕ್ಕಪತ್ರ:
ಮೊದಲು ಯಾವ ಯೋಜನೆಗೆ ಯಾರು ಆಯ್ಕೆ ಮಾಡುತ್ತಾರೆ ಅಂತ ಬಿಡಿಸಿಕೊಳ್ಳಿ. ಎಲ್ಲದಕ್ಕೂ ಪಂಚಾಯಿತಿಯನ್ನೇ ಬೈಯುವುದರಿಂದ ಕೆಲಸ ಆಗುವುದಿಲ್ಲ.

ಹಳ್ಳಿಯಲ್ಲಿ ಬಸವ ವಸತಿ ಮತ್ತು ಅಂಬೇಡ್ಕರ್ ನಿವಾಸ ಯೋಜನೆಗಳ ಆಯ್ಕೆ ಗ್ರಾಮ ಸಭೆಯದ್ದು. ಎಷ್ಟು ಮನೆ ಅನ್ನುವ ಗುರಿ ಮೇಲಿಂದ ಬರುತ್ತದೆ, ಹಣ ಬರುವುದು ರಾಜೀವ್ ಗಾಂಧಿ ವಸತಿ ನಿಗಮದಿಂದ. ಪಟ್ಟಣದಲ್ಲಿ ಶಾಸಕರು ಅಧ್ಯಕ್ಷರಾಗಿರುವ ಆಶ್ರಯ ಸಮಿತಿ ಇರುತ್ತದೆ. ಮೀನುಗಾರರ ಮತ್ಸ್ಯಾಶ್ರಯದಲ್ಲೂ ಶಾಸಕರ ಅಧ್ಯಕ್ಷತೆಯ ಸಮಿತಿಯೇ ಆಯ್ಕೆ ಮಾಡುವುದು, ಇಲಾಖೆ ಮೀನುಗಾರಿಕೆ. ವಿಧವೆಯರು, ಅಂಗವಿಕಲರು ಇಂಥವರಿಗೆ ದೇವರಾಜ ಅರಸು ವಸತಿ ಯೋಜನೆ ಬೇರೆಯೇ ಇದೆ. ಅದರ ಆಯ್ಕೆ ಜಿಲ್ಲಾ ಮಟ್ಟದಲ್ಲಿ. ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣದಲ್ಲಿ ಸಮೀಕ್ಷೆಯ ಪಟ್ಟಿ ಮೊದಲು, ಆಮೇಲೆ ಗ್ರಾಮ ಸಭೆ ಅದನ್ನು ನೋಡಿ ಒಪ್ಪಬೇಕು.

ಆ ಅಕ್ಕ ಅರಸು ಯೋಜನೆಗೆ ಅರ್ಜಿ ಹಾಕಿದ್ದಾರಾ? ಮತ್ಸ್ಯಾಶ್ರಯಕ್ಕೆ?

ಗಜನಿಗದ್ದೆ:
ಎರಡಕ್ಕೂ ಇಲ್ಲ. ಯಾರೂ ಹೇಳಿಲ್ಲ. ಪಂಚಾಯಿತಿಯಲ್ಲಿ ಒಂದೇ ಫಾರಂ ಕೊಟ್ಟರು, ತುಂಬಿ ಕೊಟ್ಟರು.

ಮಾಜಿ ಮೆಂಬರ್:
ಅಂಕೋಲಾ ಕಡೆಯವನು, ಐದು ವರ್ಷ ಮೆಂಬರ್ ಆಗಿದ್ದೆ. ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಬೇಡಿ. "ಮೆಂಬರಿಗೆ ಎರಡು" ಅನ್ನುವುದು ಕಳ್ಳತನಕ್ಕೆ ಹುಟ್ಟಿದ ಪದ್ಧತಿ ಅಲ್ಲ. ನಮ್ಮ ಪಂಚಾಯಿತಿಯಲ್ಲಿ ಹೆದ್ದಾರಿ ಪಕ್ಕದ ವಾರ್ಡಿನಿಂದ ಸಭೆಗೆ ಬಸ್ ತುಂಬ ಜನ ಬರುತ್ತಾರೆ. ಗುಡ್ಡದ ಮೇಲಿನ ಹಾಲಕ್ಕಿ ಕೊಪ್ಪದವರು ಕೂಲಿ ಬಿಟ್ಟು ಬರುವುದಿಲ್ಲ. ಸಭೆಯಲ್ಲಿ ಕೂಗಿದವರಿಗೆ ಮನೆ ಅಂತಾದರೆ ಕೊಪ್ಪದವರಿಗೆ ಯಾವತ್ತೂ ಸಿಗುವುದಿಲ್ಲ. ಅದಕ್ಕೇ ವಾರ್ಡಿಗೆ ಇಷ್ಟು ಅಂತ ಹಂಚುತ್ತಿದ್ದೆವು. ಇಲ್ಲದಿದ್ದರೆ ಅಧ್ಯಕ್ಷರ ವಾರ್ಡಿಗೇ ಹತ್ತು ಹೋಗುತ್ತಿತ್ತು.

ಸೋಗೆಮನೆ:
ಸರಿ ಅಣ್ಣ, ವಾರ್ಡಿಗೆ ಎರಡು ಅಂತಲೇ ಇಟ್ಟುಕೊಳ್ಳುವ. ಆ ಎರಡು ಯಾರಿಗೆ ಅಂತ ವಾರ್ಡಿನವರು ಹೇಳಬೇಕಾ, ಮೆಂಬರ್ ಒಬ್ಬರೇ ಹೇಳಬೇಕಾ?

ಮಾಜಿ ಮೆಂಬರ್:
ವಾರ್ಡ್ ಸಭೆ ಅಂತ ಇದೆ. ಕಾನೂನಿನಲ್ಲೇ ಇದೆ. ಜನ ಬರುವುದಿಲ್ಲ.

ಅಕ್ಕೋರು:
ಜನ ಬರುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬರುವ ಹಾಗೆ ಯಾರು ಕರೆದಿದ್ದಾರೆ? ನಾನು ಶಾಲೆಯಲ್ಲಿ ಕಲಿಸುತ್ತಿದ್ದಾಗ ನಮ್ಮ ಜಗಲಿಯಲ್ಲೇ ವಾರ್ಡ್ ಸಭೆ ಇಡುತ್ತಿದ್ದರು. ನೋಟಿಸು ಪಂಚಾಯಿತಿ ಬೋರ್ಡಿಗೆ ಅಂಟಿಸಿ ಮುಗಿಸುತ್ತಿದ್ದರು. ಬೆಳಿಗ್ಗೆ ಹನ್ನೊಂದಕ್ಕೆ ಸಭೆ. ಆ ಹೊತ್ತಿಗೆ ಮೀನು ಮಾರುವವರು ಪೇಟೆಯಲ್ಲಿ, ತೋಟದ ಕೆಲಸದವರು ತೋಟದಲ್ಲಿ. ಮನೆ ಬೇಕಾದವರು ಯಾರೂ ಇರದ ಹೊತ್ತು ನೋಡಿ ಇಟ್ಟ ಹಾಗೆ. ಕೊನೆಗೆ ಹಾಜರಿ ಪುಸ್ತಕವನ್ನು ಮನೆ ಮನೆಗೆ ಕೊಂಡುಹೋಗಿ ಸಹಿ ತರುತ್ತಿದ್ದರು. ನನ್ನ ಹತ್ತಿರವೂ ಬಂದಿದ್ದರು. ನಾನು ಹಾಕಲಿಲ್ಲ.

ಸಂಜೆ ಆರರ ಮೇಲೆ ಇಡಿ, ಅಂಗನವಾಡಿ ಕಾರ್ಯಕರ್ತೆಯರಿಂದ, ಸ್ವಸಹಾಯ ಸಂಘದವರಿಂದ ಹೇಳಿ ಕಳಿಸಿ. ಬರುತ್ತಾರೋ ಇಲ್ಲವೋ ನೋಡುವ.

ಕಡಲಕೇರಿ:
ಅಕ್ಕೋರೇ, ನೂರಕ್ಕೆ ನೂರು ಸತ್ಯ.

ಲೆಕ್ಕಪತ್ರ:
ಗ್ರಾಮ ಸಭೆಗೆ ಕೋರಂ ಇದೆ, ಅಂದರೆ ಇಷ್ಟು ಜನ ಇರಲೇಬೇಕು. ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅದು. ಆರು ತಿಂಗಳಿಗೊಮ್ಮೆಯಾದರೂ ಸಭೆ ಆಗಬೇಕು. ಹೊರಗಿನ ಇಲಾಖೆಯಿಂದ ಒಬ್ಬರು ನೋಡಲ್ ಅಧಿಕಾರಿ ಬರುತ್ತಾರೆ. ಕೋರಂ ಇಲ್ಲ ಅಂತ ಆ ಸಭೆಯಲ್ಲೇ ಅವರ ಮುಂದೆ ಹೇಳಿ, ಬರೆಸಬೇಕು. ಸಭೆ ಮುಗಿದ ಮೇಲೆ ಚಹಾ ಅಂಗಡಿಯಲ್ಲಿ ಹೇಳಿದರೆ ಏನೂ ಉಪಯೋಗ ಇಲ್ಲ.

ಕಾಳಿ ದಂಡೆ:
ನೀವೆಲ್ಲ ಪಟ್ಟಿ ಬಗ್ಗೆ ಮಾತಾಡುತ್ತಿದ್ದೀರಿ. ನಮ್ಮ ಕಾರವಾರದಲ್ಲಿ ಪಟ್ಟಿಗಿಂತ ಮೊದಲೇ ಜನ ಬಿದ್ದುಹೋಗುತ್ತಾರೆ. ಜಾಗ ಎಲ್ಲಿದೆ? ಕಡಲ ಕಡೆ ದಂಡೆಯಲ್ಲಿ ಕಟ್ಟಡಕ್ಕೆ ಮಿತಿ ಹಾಕುವ ಸಿಆರ್‌ಝಡ್, ಗುಡ್ಡದ ಕಡೆ ಅರಣ್ಯ. ನಡುವಿನ ಪಟ್ಟಿಯಲ್ಲಿ ಹೆದ್ದಾರಿ, ಕೊಂಕಣ ರೈಲು, ನೌಕಾನೆಲೆ. ಆ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಮನೆ ಬಿಟ್ಟುಕೊಟ್ಟವರ ಮಕ್ಕಳಿಗೆ ಮದುವೆಯಾಗಿ, ಅವರಿಗೆ ಮಕ್ಕಳಾಗಿ, ಒಂದೇ ನಿರಾಶ್ರಿತರ ಸೈಟಿನಲ್ಲಿ ಮೂರು ಒಲೆ. ಇವರಿಗೆ ಮನೆ ಮಂಜೂರು ಮಾಡಲು ಸಮಿತಿಗೆ ಮನಸ್ಸಿದ್ದರೂ ಕಾಗದ ಕೇಳುತ್ತಾರೆ. ಇ-ಸ್ವತ್ತು ನಮೂನೆ 9, 11ಎ, ಅಂದರೆ ಜಾಗ ನಮ್ಮದು ಅನ್ನುವ ಪಂಚಾಯಿತಿ ದಾಖಲೆ. ಎಲ್ಲಿಂದ ತರುವುದು?

ಜೋಯಿಡಾ ಕಾಡು:
ಇದೇ ಅಸಲು ವಿಷಯ. ಜಿಲ್ಲೆಯ ಹತ್ತರಲ್ಲಿ ಎಂಟು ಭಾಗ ಅರಣ್ಯ. ಅಜ್ಜನ ಕಾಲದಿಂದ ಕೂತ ಮನೆಗೂ ದಾಖಲೆಯಲ್ಲಿ "ಅತಿಕ್ರಮಣ" ಅಂತ ಬರೆದಿರುತ್ತದೆ. ಕಡು ಬಡವ ಯಾರು? ಜಾಗದ ಕಾಗದವೇ ಇಲ್ಲದವನು. ಅವನನ್ನೇ ಅರ್ಜಿ ಹಂತದಲ್ಲಿ ತೆಗೆದುಹಾಕುತ್ತಾರೆ. ಉಳಿದವರ ನಡುವೆ ಯಾರು ಬಡವರು ಅಂತ ಸಭೆ ಮಾಡುತ್ತಾರೆ!

ತದಡಿ ಹುಡುಗ:
ಭೂಕಂದಾಯ ಕಾಯ್ದೆಯ 94ಸಿ ಅಡಿ ಹಕ್ಕುಪತ್ರ ಮಾಡಿಸಿಕೊಳ್ಳಬಹುದಲ್ಲ?

ಜೋಯಿಡಾ ಕಾಡು:
ತಮ್ಮ, 94ಸಿ ಕಂದಾಯ ಜಾಗದ ಮನೆಗೆ ಮಾತ್ರ. ಅರಣ್ಯದಲ್ಲಿ ನಡೆಯುವುದಿಲ್ಲ. ಅಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯೇ ಗತಿ. ಬುಡಕಟ್ಟಿನವರಾದರೆ 2005ರ ಡಿಸೆಂಬರ್ 13ಕ್ಕಿಂತ ಮೊದಲು ಅಲ್ಲಿದ್ದದ್ದು ತೋರಿಸಬೇಕು. ಉಳಿದವರು ಅದಕ್ಕೂ ಹಿಂದಿನ 75 ವರ್ಷ, ಮೂರು ತಲೆಮಾರು ತೋರಿಸಬೇಕು. ಅಂದರೆ 1930. ಆ ಕಾಲದ ಕಾಗದ ಯಾವ ಕೂಲಿಯವನ ಮನೆಯಲ್ಲಿ ಇರುತ್ತದೆ?

ಅಲ್ಲಿಯೂ ಸಮಿತಿ ಮೇಲೆ ಸಮಿತಿ. ಊರಿನ ಅರಣ್ಯ ಹಕ್ಕು ಸಮಿತಿ, ಅದರ ಮೇಲೆ ಎಸಿ (ಉಪವಿಭಾಗಾಧಿಕಾರಿ) ಅಧ್ಯಕ್ಷತೆಯ ಉಪವಿಭಾಗ ಸಮಿತಿ, ಅದರ ಮೇಲೆ ಡಿಸಿ ಅಧ್ಯಕ್ಷತೆಯ ಜಿಲ್ಲಾ ಸಮಿತಿ. ಕೆಳಗಿನವರು ಒಪ್ಪಿದ್ದು ಮೇಲೆ ನಿಲ್ಲುತ್ತದೆ ಅಂತ ಏನೂ ಇಲ್ಲ. ಆದರೆ ಹಿರಿಯರ ಹೇಳಿಕೆಯನ್ನೂ ಸಾಕ್ಷಿಯಾಗಿ ತಗೊಳ್ಳಬೇಕು ಅಂತ ನಿಯಮದಲ್ಲೇ ಇದೆ. ಅದನ್ನು ಯಾರೂ ಜನರಿಗೆ ಹೇಳುವುದಿಲ್ಲ. ನಮ್ಮ ಕಡೆ ಎಂಬತ್ತು ದಾಟಿದ ಅಜ್ಜಿಯೊಬ್ಬರ ಹೇಳಿಕೆ ಬರೆಸಿಕೊಂಡೆವು. ಯಾವ ಮಾವಿನ ಮರ ಯಾರು ನೆಟ್ಟದ್ದು, ಯಾರ ಸಮಾಧಿ ಎಲ್ಲಿ, ಹಳೇ ಬಾವಿಯ ಕಟ್ಟೆ ಎಲ್ಲಿತ್ತು, ಎಲ್ಲ ಕೈ ಹಿಡಿದುಕೊಂಡು ಹೋಗಿ ತೋರಿಸಿದರು. ಅಷ್ಟು ಸ್ಪಷ್ಟ ದಾಖಲೆ ಯಾವ ಕಚೇರಿಯಲ್ಲೂ ಇಲ್ಲ.

ಸೋಗೆಮನೆ:
ಶಿರಸಿ, ಸಿದ್ದಾಪುರದಲ್ಲೂ ಇದೇ. ಬೆಟ್ಟದ ಅಂಚಿನಲ್ಲಿ ಮನೆ ಕಟ್ಟಿಕೊಂಡವರಿಗೆ ಕರೆಂಟು ಬಿಲ್ಲು ಬರುತ್ತದೆ, ಮನೆ ತೆರಿಗೆ ಕಟ್ಟಿಸಿಕೊಳ್ಳುತ್ತಾರೆ, ರೇಷನ್ ಕಾರ್ಡ್ ಇದೆ, ಮತ ಹಾಕುತ್ತಾರೆ. ಮನೆ ಕೇಳಿದರೆ ಮಾತ್ರ ನೀವು ಇಲ್ಲಿಯವರೇ ಅಲ್ಲ ಅನ್ನುತ್ತಾರೆ.

ಕಡಲಕೇರಿ:
ಕಡಲ ಕಡೆಯದ್ದೂ ಕೇಳಿ. ಸಿಆರ್‌ಝಡ್ ಅಂದ ಕೂಡಲೇ ಪಂಚಾಯಿತಿಯಲ್ಲಿ ಫೈಲ್ ಮುಚ್ಚುತ್ತಾರೆ. 2011ರ ಅಧಿಸೂಚನೆಯಲ್ಲೇ ಭರತದ ಗೆರೆಯಿಂದ 100ರಿಂದ 200 ಮೀಟರ್ ಒಳಗೆ ಮೀನುಗಾರರ ವಾಸದ ಮನೆಗೆ ದಾರಿ ಇಟ್ಟಿದ್ದರು. ಅನುಮತಿ ತಗೊಳ್ಳಬೇಕು, ಅಷ್ಟೇ. ನಮ್ಮಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬದಲಾದಾಗಲೆಲ್ಲ ನಿಯಮವೂ ಬದಲಾದ ಹಾಗೆ ಮಾತಾಡುತ್ತಾರೆ. ಒಬ್ಬರು ಕೊಡುತ್ತೇನೆ ಅಂದರು, ಇನ್ನೊಬ್ಬರು ಆಗುವುದೇ ಇಲ್ಲ ಅಂದರು.

ಬೆಂಗಳೂರಲ್ಲಿ ಭಟ್ಕಳ:
ಚೀಟಿ ಎತ್ತಿದರೆ ಆಗುವುದಿಲ್ಲವಾ? ಅರ್ಹರ ಪಟ್ಟಿ ಮಾಡಿ ಲಾಟರಿ. ಯಾರಿಗೂ ಬೇಜಾರಿಲ್ಲ.

ಅಕ್ಕೋರು:
ಬೇಜಾರಿಲ್ಲದಿರುವುದು ಮುಖ್ಯವಾ, ಗೋಡೆ ಬಿದ್ದವಳಿಗೆ ಮನೆ ಸಿಗುವುದು ಮುಖ್ಯವಾ? ಒಂದೇ ಥರ ಕಷ್ಟ ಇರುವ ಇಬ್ಬರ ನಡುವೆ ಚೀಟಿ ಎತ್ತಿ. ಮಾಡು ಇರುವವರನ್ನೂ ಇಲ್ಲದವರನ್ನೂ ಒಂದೇ ಡಬ್ಬಿಗೆ ಹಾಕಬೇಡಿ.

ಮಾಜಿ ಮೆಂಬರ್:
ಚೀಟಿ ಎತ್ತಿ ನೋಡಿದ್ದೇವೆ. ಬಂದವರಲ್ಲಿ ಒಬ್ಬರ ಮಗ ಗೋವಾದಲ್ಲಿ ಕೆಲಸ, ಊರಲ್ಲಿ ಗಟ್ಟಿ ಮನೆ. ಅರ್ಹರ ಪಟ್ಟಿಯೇ ಸರಿ ಇಲ್ಲದಿದ್ದರೆ ಚೀಟಿಯಿಂದ ಏನಾಗುತ್ತದೆ?

ಲೆಕ್ಕಪತ್ರ:
ಪ್ರಧಾನ ಮಂತ್ರಿ ಆವಾಸ್‌ನಲ್ಲಿ ಈ ಕ್ರಮ ಸ್ವಲ್ಪ ಸ್ಪಷ್ಟ ಇದೆ. ಮನೆಯೇ ಇಲ್ಲದವರು ಮೊದಲು, ಆಮೇಲೆ ಕಚ್ಚಾ ಗೋಡೆ, ಕಚ್ಚಾ ಮಾಡಿನ ಒಂದು ಕೋಣೆ, ಆಮೇಲೆ ಎರಡು ಕೋಣೆ. ಗುರಿಯಲ್ಲಿ ನೂರಕ್ಕೆ 60 ಪರಿಶಿಷ್ಟ ಜಾತಿ, ಪಂಗಡಕ್ಕೆ. ಯಾರನ್ನು ಬಿಡಬೇಕು ಅನ್ನುವ ಪಟ್ಟಿಯೂ ಇದೆ. ಕಾರು, ರಿಕ್ಷಾ ಇದ್ದರೆ ಇಲ್ಲ. ಸರ್ಕಾರಿ ನೌಕರರಿದ್ದರೆ ಇಲ್ಲ. ಕಿಸಾನ್ ಕ್ರೆಡಿಟ್ ಕಾರ್ಡಿನ ಮಿತಿ 50 ಸಾವಿರ ಅಥವಾ ಜಾಸ್ತಿ ಇದ್ದರೆ ಇಲ್ಲ.

ಕಡಲಕೇರಿ:
ಬೈಕು, ಫ್ರಿಜ್ಜು, ಎಂಜಿನ್ ದೋಣಿ ಇದ್ದರೂ ಇಲ್ಲ! ದೋಣಿ ಅಂದರೆ ದುಡಿಯುವ ಸಾಮಾನು. ಸಾಲದ ಮೇಲೆ ತಂದ ಚಿಕ್ಕ ಎಂಜಿನ್. ಅದನ್ನು ನೋಡಿ ಶ್ರೀಮಂತ ಅಂತ ಬರೆದರು. ನಮ್ಮ ಕೇರಿಯಲ್ಲಿ ಎಷ್ಟೋ ಮನೆ ಹೀಗೇ ಹೋಯಿತು.

ಲೆಕ್ಕಪತ್ರ:
ಅದು ಹಳೇ ನಿಯಮ. 2024ರಲ್ಲಿ ಬೈಕು, ಎಂಜಿನ್ ದೋಣಿ, ಫ್ರಿಜ್ಜು, ಸ್ಥಿರ ದೂರವಾಣಿ ನಾಲ್ಕನ್ನೂ ತೆಗೆದಿದ್ದಾರೆ. ತಿಂಗಳ ಆದಾಯದ ಮಿತಿ 10 ಸಾವಿರದಿಂದ 15 ಸಾವಿರಕ್ಕೆ ಏರಿದೆ. ಹಳೇ ಕಾರಣಕ್ಕೆ ಬಿಟ್ಟವರು ಹೊಸ ಸಮೀಕ್ಷೆಯಲ್ಲಿ ತಮ್ಮ ಹೆಸರು ಇದೆಯಾ ಅಂತ ಕೇಳಲೇಬೇಕು.

ಕಡಲಕೇರಿ:
ಇದನ್ನು ಧಕ್ಕೆಯಲ್ಲಿ ಒಬ್ಬರೂ ಹೇಳಿಲ್ಲ ಮಾರಾಯ್ರೆ. ನಾಳೆಯೇ ಹೇಳುತ್ತೇನೆ.

ಸೋಗೆಮನೆ:
ಕಿಸಾನ್ ಕಾರ್ಡಿನ ನಿಯಮ ಉಳಿದಿದೆಯಲ್ಲ, ಅದು ಘಟ್ಟದ ಮೇಲೆ ತೊಂದರೆ. ಅರ್ಧ ಎಕರೆ ಅಡಿಕೆ ತೋಟಕ್ಕೂ ಸೊಸೈಟಿಯಲ್ಲಿ ಬೆಳೆಸಾಲ ಇದ್ದೇ ಇರುತ್ತದೆ. ಕೊಳೆ ರೋಗ ಬಂದು ಬೆಳೆ ಹೋದರೂ ಸಾಲದ ಮಿತಿ ಮಾತ್ರ ಕಾರ್ಡಿನಲ್ಲಿ ಕಾಣುತ್ತದೆ.

ಗವಂಡಿ ಕೆಲಸ:
ಮನೆ ಸಿಕ್ಕಿದವರ ಪಾಡೂ ಕೇಳಿ. ನಾನು ಕಟ್ಟುವವನು. ಸರ್ಕಾರ ಕೊಡುವ 1 ಲಕ್ಷ 20 ಸಾವಿರದಲ್ಲಿ ಇಲ್ಲಿ ಮನೆ ಆಗುವುದಿಲ್ಲ. ಪಾಯ, ಲಿಂಟಲ್, ಛಾವಣಿ, ಪೂರ್ತಿ ಅಂತ ನಾಲ್ಕು ಹಂತ. ಹಂತ ಮುಗಿಸಿ ಫೋಟೋ ಏರಿಸಿದ ಮೇಲೆ ಹಣ. ಅಂದರೆ ಪಾಯಕ್ಕೆ ಮೊದಲು ಕೈಯಿಂದ ಹಾಕಬೇಕು. ಕೈಯಲ್ಲಿ ಇದ್ದಿದ್ದರೆ ಅವರು ಅರ್ಜಿ ಯಾಕೆ ಹಾಕುತ್ತಿದ್ದರು?

ಎಷ್ಟೋ ಕಡೆ ಆದೇಶ ಮೇ ತಿಂಗಳಲ್ಲಿ ಬರುತ್ತದೆ. ಜೂನ್ ಮೊದಲ ವಾರ ಮಳೆ. ಪಾಯ ತೋಡಿದರೆ ಕೆರೆ. ಚಿರೆಕಲ್ಲಿನ ಕ್ವಾರಿಯಲ್ಲಿ ನೀರು ನಿಂತು ಕಲ್ಲು ಸಿಗುವುದಿಲ್ಲ, ಮರಳೂ ಇಲ್ಲ. ಅಕ್ಟೋಬರ್ ತನಕ ಕೈ ಕಟ್ಟಿ ಕೂರಬೇಕು. ಅಷ್ಟರಲ್ಲಿ "ಕೆಲಸ ಶುರು ಮಾಡಿಲ್ಲ" ಅಂತ ಮನೆ ಬ್ಲಾಕ್ ಆಗುತ್ತದೆ. ಬಯಲುಸೀಮೆಯ ಕ್ಯಾಲೆಂಡರ್ ಕರಾವಳಿಗೆ ಹಾಕಿದರೆ ಹೀಗೇ. ದೀಪಾವಳಿ ಹೊತ್ತಿಗೆ ಆದೇಶ ಕೊಡಿ, ಮಳೆಗೆ ಮೊದಲು ಮಾಡು ಹಾಕಿ ಕೊಡುತ್ತೇವೆ.

ಲೆಕ್ಕಪತ್ರ:
ಆ 1.20 ಲಕ್ಷದ ಜೊತೆ ನರೇಗಾದಲ್ಲಿ 90 ದಿನದ ಕೂಲಿ ಇದೆ. 2025-26ರಲ್ಲಿ ದರ ದಿನಕ್ಕೆ 370 ಇತ್ತು, ಅಂದರೆ 33,300. ಶೌಚಾಲಯಕ್ಕೆ 12 ಸಾವಿರ ಬೇರೆ. ಎಲ್ಲ ಸೇರಿ 1,65,300. ಪರಿಶಿಷ್ಟ ಜಾತಿ, ಪಂಗಡದವರಿಗೆ ಅಂಬೇಡ್ಕರ್ ನಿವಾಸದಲ್ಲಿ ಹಳ್ಳಿಗೆ 1.75 ಲಕ್ಷ. ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ದಾರೆ, ಅವರು ಅಲ್ಲಿ ಕೇಳಬೇಕು.

ಗವಂಡಿ ಕೆಲಸ:
ಲೆಕ್ಕ ಸರಿ ಇರಬಹುದು ಸಾರ್. ಎನ್‌ಎಂಆರ್ (ಕೂಲಿಯ ಹಾಜರಿ ಪಟ್ಟಿ) ತೆಗೆಯದೆ ಕೂಲಿ ಹಣ ಕಳೆದುಕೊಂಡ ಮನೆಗಳನ್ನು ನಾನೇ ಕಟ್ಟಿದ್ದೇನೆ. ಮನೆ ಆದೇಶದ ಜೊತೆಗೇ ನರೇಗಾ ಕೆಲಸದ ಆದೇಶವೂ ಕೊಡಿ ಅಂತ ಬರೆದು ಕೇಳಬೇಕು. ಕೇಳದಿದ್ದರೆ ಯಾರೂ ಮಾಡುವುದಿಲ್ಲ.

ಜೋಯಿಡಾ ಕಾಡು:
ಗುಡ್ಡಗಾಡು ರಾಜ್ಯಗಳಿಗೆ 1.30 ಲಕ್ಷ, ನಮಗೆ ಬಯಲಿನ ಲೆಕ್ಕದ 1.20. ಸಿಮೆಂಟ್ ಚೀಲ ತಲೆ ಮೇಲೆ ಹೊತ್ತು ಹಳ್ಳ ದಾಟುವ ಊರುಗಳು ಇಲ್ಲಿವೆ. ಅದೂ 2016ರಿಂದ ಅದೇ ಮೊತ್ತ. ಅಂದಿನ ಕಲ್ಲಿನ ರೇಟು ಇಂದು ಇದೆಯಾ?

ತದಡಿ ಹುಡುಗ:
ಎಲ್ಲರೂ ಸ್ಲ್ಯಾಬ್ ಯಾಕೆ ಹಾಕುತ್ತಾರೆ? ಹಂಚು ಹಾಕಿದರೆ ಖರ್ಚು ಕಡಿಮೆ ಅಲ್ವಾ?

ಗವಂಡಿ ಕೆಲಸ:
ಮರ ಎಲ್ಲಿಂದ ತರುತ್ತೀರಿ? ಪಕಾಸು, ರೀಪು ಎಲ್ಲ ಈಗ ದುಬಾರಿ. ಕಬ್ಬಿಣದ ಪೈಪಿನ ಮೇಲೆ ಹಂಚು ಕೂರಿಸಬಹುದು, ಚೆನ್ನಾಗಿ ಬರುತ್ತದೆ. ಆದರೆ ಜನಕ್ಕೆ ಸ್ಲ್ಯಾಬ್ ಅಂದರೇನೇ ಮನೆ. ನಾಲ್ಕನೇ ಮಳೆಗಾಲಕ್ಕೆ ಸೋರುತ್ತದೆ, ಆಮೇಲೆ ಅದರ ಮೇಲೆ ತಗಡಿನ ಮಾಡು. ಕಾರವಾರದಿಂದ ಭಟ್ಕಳದ ತನಕ ಬಸ್ಸಿನಲ್ಲಿ ಕೂತು ನೋಡಿ, ಸ್ಲ್ಯಾಬಿನ ಮೇಲೆ ತಗಡು ಇಲ್ಲದ ಮನೆ ಎಷ್ಟಿದೆ ಅಂತ. ಎರಡು ಸಲ ಖರ್ಚು.

ಸೋಗೆಮನೆ:
ನಮ್ಮಲ್ಲಿ ಮೊದಲು ಅಡಿಕೆ ಸೋಗೆ. ವರ್ಷ ವರ್ಷ ಹೊದಿಸಬೇಕಿತ್ತು, ಆದರೆ ಒಳಗೆ ತಂಪು. ಈಗ ಹೊದಿಸುವವರೇ ಇಲ್ಲ.

ಗಜನಿಗದ್ದೆ:
ಮಾತು ಬೇರೆ ಕಡೆ ಹೋಯಿತು. ಠರಾವು ಆಗಿಹೋಗಿದೆ, ಈಗ ನಾವು ಏನು ಮಾಡಬಹುದು ಹೇಳಿ.

ಲೆಕ್ಕಪತ್ರ:
ಮೊದಲ ಕೆಲಸ, ಸಭೆಯ ನಡಾವಳಿಯ ಪ್ರತಿ, ಹಾಜರಿ ಪಟ್ಟಿ ಮತ್ತು ಆಯ್ಕೆ ಪಟ್ಟಿ ಕೇಳಿ ಪಿಡಿಒಗೆ ಬರೆದು ಕೊಡಿ. ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿ, 30 ದಿನದೊಳಗೆ ಉತ್ತರ ಕೊಡಬೇಕು. ಅದು ಕೈಗೆ ಬಂದ ಮೇಲೆ ತಾಲ್ಲೂಕು ಪಂಚಾಯಿತಿ ಇಒಗೆ ತಕರಾರು, ಒಂದು ಪ್ರತಿ ಜಿಲ್ಲಾ ಪಂಚಾಯಿತಿ ಸಿಇಒಗೆ. ಇಂಥವರ ಮನೆ ಗಟ್ಟಿ ಇದೆ ಅಂತ ಬರೆಯುವುದಕ್ಕಿಂತ, ಸ್ಥಳ ಪರಿಶೀಲನೆ ಮಾಡಿ ಅಂತ ಬರೆಯಿರಿ. ಊರಲ್ಲಿ ದ್ವೇಷ ಆಗುವುದಿಲ್ಲ, ಕೆಲಸವೂ ಆಗುತ್ತದೆ.

ಅಂಕೋಲೆ ಅಕ್ಕ:
ಆ ಗೋಡೆ ಮಳೆಗೆ ಬಿದ್ದದ್ದು ಅಲ್ವಾ? ಆಗಲೇ ಗ್ರಾಮ ಆಡಳಿತ ಅಧಿಕಾರಿಗೆ ಹೇಳಿ ಪಂಚನಾಮೆ ಮಾಡಿಸಬೇಕಿತ್ತು. ಪ್ರಕೃತಿ ವಿಕೋಪದ ಪರಿಹಾರ ತಹಶೀಲ್ದಾರರ ಕಡೆಯಿಂದ ಬರುವುದು, ಅದಕ್ಕೂ ಮೆಂಬರಿಗೂ ಸಂಬಂಧ ಇಲ್ಲ. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ಕೊಟ್ಟಿತ್ತು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೊಳೆಯಾಚೆ ಉಳುವರೆಯ ಮನೆಗಳೂ ಹೋದವಲ್ಲ, ಅಲ್ಲಿಯೂ ಸಮೀಕ್ಷೆ ಮಾಡಿದ್ದು ಕಂದಾಯದವರು. ನಮ್ಮ ಕಡೆ ಆಮೇಲೆ ಮಳೆ ಜೋರಾದರೆ ಜನ ಮೊದಲು ಫೋಟೋ ತೆಗೆದಿಟ್ಟುಕೊಳ್ಳುತ್ತಾರೆ, ಆಮೇಲೆ ಸಾಮಾನು ಎತ್ತುತ್ತಾರೆ.

ಗಜನಿಗದ್ದೆ:
ಫೋಟೋ ಇದೆ. ದೊಡ್ಡ ಮಗಳು ಮೊಬೈಲಿನಲ್ಲಿ ತೆಗೆದಿದ್ದಾಳೆ, ತಾರೀಕು ಬರುತ್ತದೆ.

ಮಾಜಿ ಮೆಂಬರ್:
ಇಟ್ಟುಕೊಳ್ಳಿ. ಮುಂದಿನ ವಾರ್ಡ್ ಸಭೆಗೆ ಒಂದು ಮಾತು. ಹೆಸರು ಸೇರಿಸಿ ಅಂತ ಕೇಳಿದರೆ ಸೇರಿಸುತ್ತೇವೆ ಅನ್ನುತ್ತಾರೆ, ಕೊನೆಯಲ್ಲಿ ಬರೆಯುತ್ತಾರೆ. ಕ್ರಮಸಂಖ್ಯೆ ಕೇಳಿ. ಒಂದನೇ ಹೆಸರು ಯಾಕೆ ಒಂದನೇದು, ಎರಡನೇದು ಯಾಕೆ ಎರಡನೇದು ಅಂತ ಹೆಸರಿನ ಎದುರೇ ಕಾರಣ ಬರೆಸಿ. ಗೋಡೆ ಮಣ್ಣಿನದಾ, ಮಾಡು ಯಾವುದು, ದುಡಿಯುವವರು ಎಷ್ಟು, ಕಾಯಿಲೆಯವರು ಇದ್ದಾರಾ. ನಾನು ಮೆಂಬರ್ ಇದ್ದಾಗ ಹೀಗೆ ಯಾರಾದರೂ ನಾಲ್ಕು ಜನ ನಿಂತು ಕೇಳಿದ್ದರೆ ನನಗೂ ಬಲ ಬರುತ್ತಿತ್ತು. ಮೇಲಿನಿಂದ ಫೋನ್ ಬಂದಾಗ "ಸಭೆಯಲ್ಲಿ ಕಾರಣ ಬರೆದಾಗಿದೆ, ಬದಲಾಯಿಸಲು ಬರುವುದಿಲ್ಲ" ಅಂತ ಹೇಳಬಹುದಿತ್ತು.

ಅಕ್ಕೋರು:
ಇದು ಸರಿಯಾದ ಮಾತು. ಪಟ್ಟಿಯನ್ನು ಶಾಲೆ, ಅಂಗನವಾಡಿ, ರೇಷನ್ ಅಂಗಡಿ ಮೂರೂ ಕಡೆ ಅಂಟಿಸಬೇಕು. ಕಾರಣ ಸಮೇತ.

ಕಾಳಿ ದಂಡೆ:
ಪಟ್ಟಣದ ಆಶ್ರಯ ಸಮಿತಿಗೂ ಇದನ್ನೇ ಕೇಳಬೇಕು. ಅಲ್ಲಿ ಜನ ಕೂರುವ ಸಭೆಯೇ ಇಲ್ಲ. ಸಮಿತಿಯವರು ಕೂರುತ್ತಾರೆ, ಆಮೇಲೆ ಹಕ್ಕುಪತ್ರದ ಕಾರ್ಯಕ್ರಮಕ್ಕೆ ಶಾಮಿಯಾನ ಹಾಕುತ್ತಾರೆ.

ಬೆಂಗಳೂರಲ್ಲಿ ಭಟ್ಕಳ:
ಹಣ ಯಾರ ಖಾತೆಗೆ ಬರುತ್ತದೆ?

ಲೆಕ್ಕಪತ್ರ:
ಫಲಾನುಭವಿಯ ಆಧಾರ್ ಜೋಡಿಸಿದ ಖಾತೆಗೆ ನೇರ. ಮನೆ ಸಾಮಾನ್ಯವಾಗಿ ಹೆಂಗಸಿನ ಹೆಸರಿಗೇ ಮಂಜೂರು. ನಡುವೆ ಯಾರಿಗೂ ಒಂದು ರೂಪಾಯಿ ಕೊಡಬೇಕಾಗಿಲ್ಲ.

ಗಜನಿಗದ್ದೆ:
ಇವತ್ತು ಹೋಗಿದ್ದೆವು. ನಡಾವಳಿ ಪ್ರತಿಗೆ ಅರ್ಜಿ ಕೊಟ್ಟು ಸೀಲು ಹಾಕಿಸಿದೆವು. ಅರಸು ಯೋಜನೆಯ ಫಾರಂ ತಂದೆವು. ಒಂದು ತೊಡಕು. ಜಾಗ ಇನ್ನೂ ಅವರ ಅತ್ತೆಯ ಹೆಸರಿನಲ್ಲೇ ಇದೆ. ಅತ್ತೆ ತೀರಿಕೊಂಡು ವರ್ಷಗಳಾಯಿತು. ಮೈದುನ ಮುಂಬಯಿಯಲ್ಲಿ ಇದ್ದಾನೆ.

ಲೆಕ್ಕಪತ್ರ:
ಹಾಗಾದರೆ ಮೊದಲು ಖಾತೆ ಬದಲಾವಣೆ, ಮನೆ ಅರ್ಜಿ ಆಮೇಲೆ. ಅತ್ತೆಯದ್ದು ಮತ್ತು ಗಂಡನದ್ದು ಎರಡೂ ಮರಣ ಪ್ರಮಾಣಪತ್ರ ತೆಗೆಯಿರಿ. ನಾಡಕಚೇರಿಯಲ್ಲಿ ವಂಶಾವಳಿಗೆ ಅರ್ಜಿ ಹಾಕಿ. ಅದರಲ್ಲಿ ಮೈದುನನ ಹೆಸರು ಬಂದೇ ಬರುತ್ತದೆ, ಅವನ ಒಪ್ಪಿಗೆ ಬೇಕು. ಊರಿಗೆ ಯಾವಾಗ ಬರುತ್ತಾನೆ?

ಗಜನಿಗದ್ದೆ:
ಚೌತಿಗೆ ಬರುತ್ತಾನಂತೆ. ಫೋನಿನಲ್ಲಿ ಮಾತಾಡಿದರು, ಸಹಿ ಹಾಕುತ್ತೇನೆ ಅಂದಿದ್ದಾನೆ.

ಲೆಕ್ಕಪತ್ರ:
ಅಷ್ಟರೊಳಗೆ ಉಳಿದ ಕಾಗದ ಎಲ್ಲ ತಯಾರು ಮಾಡಿ ಇಡಿ. ಚೌತಿ ರಜೆಯಲ್ಲಿ ಕಚೇರಿ ಮುಚ್ಚಿರುತ್ತದೆ, ಎರಡು ದಿನ ಮೊದಲೇ ಬರಲು ಹೇಳಿ.